ಇಡೀ ಶಾಲೆಯ ಸಾವು

ಆ ಮಂಗಳವಾರ ಬೆಳಿಗ್ಗೆ ಪುರಾಧ್ಯಕ್ಷ ಮೆಲ್ಖಿಯೋರ್ ಸ್ಟ್ರೌಬ್ ಅವರು ಬಿಯರ್ ಗಂಜಿಯ ಬಟ್ಟಲನ್ನು ಕೈಯಿಂದ ಆಚೆಗೆ ಸರಿಸಿ, "ಬೇಡ" ಎಂದರು. ಎಲ್ಲ ಶುರುವಾದದ್ದು ಅಲ್ಲಿಂದ.

ಅರವತ್ತೆಂಟು ವರ್ಷದಲ್ಲಿ ಆ ಬಾಯಿ ಗಂಜಿಗೆ ಬೇಡ ಎಂದದ್ದಿಲ್ಲ. ಅಡುಗೆಯವಳು ಬಟ್ಟಲು ಹಿಡಿದು ನಿಂತಲ್ಲೇ ಅತ್ತಳು. ಅಳುತ್ತಲೇ ಬೇಕರಿಗೆ ಹೋದಳು. ಅಲ್ಲಿಂದ ಸುದ್ದಿ ಹರಡುವುದಕ್ಕೆ ಬ್ರೆಡ್ಡು ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಎಂಟು ಗಂಟೆಗೆಲ್ಲ ವೈಡೆನ್‌ರೋಡ ಎಂಬ ಆ ಊರಿನ ಜನ ಪೆಟ್ಟಿಗೆಗಳಿಂದ ಕರಿ ಬಟ್ಟೆ ತೆಗೆದು ಬಿಸಿಲಿಗೆ ಹರವಿದ್ದರು. ಇಡೀ ಬೀದಿ ಕಾಗೆಗಳು ಸಭೆ ಸೇರಿದಂತೆ ಕಾಣುತ್ತಿತ್ತು.

ಹಾಡಿನ ಮೇಷ್ಟ್ರು ಯೋಸ್ಟ್ ಹಾಲ್ಬಿಗ್ ಶಾಲೆಯಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ. ಚರ್ಚಿನ ಗಂಟೆ ಬಾರಿಸುವ ಬಾರ್ಟೆಲ್ ಬಾಗಿಲಲ್ಲಿ ತಲೆ ತೂರಿಸಿದ.

"ಮೇಷ್ಟ್ರೇ, ಯಜಮಾನ್ರು ಗಂಜಿ ಬೇಡ ಅಂದ್ರಂತೆ."

"ಹೌದಾ."

"ಹೌದಾ ಅಂತೀರಲ್ಲ! ಹಾಡೆಲ್ಲಿ? ನಾನು ದೊಡ್ಡ ಗಂಟೆ ಹಗ್ಗಕ್ಕೆ ಕೊಬ್ಬು ಸವರಿ ಬಂದಿದೀನಿ."

"ಅವರಿನ್ನೂ ಇದ್ದಾರಲ್ಲ, ಬಾರ್ಟೆಲ್."

"ಇದ್ದಾರೆ, ಇದ್ದಾರೆ. ಎಷ್ಟು ಹೊತ್ತು ಅನ್ನೋದೇ ಪ್ರಶ್ನೆ."

ಹಾಡು ಎಂದರೆ ಯಜಮಾನರ ಅಂತ್ಯಕ್ರಿಯೆಯ ಹಾಡು. ಹೋದ ವರ್ಷವೇ ಅವರು ಯೋಸ್ಟನನ್ನು ಕರೆಸಿ, ಎಂಟು ಧ್ವನಿ, ಎರಡು ಗುಂಪು, ಟ್ರಾಂಬೋನ್ ಊದುವವರೂ ಇರಲಿ ಎಂದು ಹೇಳಿದ್ದರು. ಧರ್ಮಗ್ರಂಥದಲ್ಲಿ ತಮಗೆ ಬೇಕಾದ ವಾಕ್ಯವನ್ನೂ ಆರಿಸಿದ್ದರು. ಸಜ್ಜನನು ಖರ್ಜೂರದ ಮರದಂತೆ ಬೆಳೆಯುವನೆಂಬ ಮಾತು. ಬಟ್ಟೆ ವ್ಯಾಪಾರಿಯಾದ್ದರಿಂದ ಮುಂಗಡವಾಗಿ ಒಂದು ಕೋಟು ಹೊಲಿಸುವಷ್ಟು ಕರಿ ಉಣ್ಣೆ ಬಟ್ಟೆ ಕಳಿಸಿದ್ದರು. ಆ ಕೋಟನ್ನು ಯೋಸ್ಟ್ ಮೊದಲ ಸಲ ತೊಟ್ಟದ್ದು ಫೆಬ್ರವರಿಯಲ್ಲಿ, ತನ್ನ ಹೆಂಡತಿ ಸಿಬಿಲ್ಲಾಳನ್ನು ಮಣ್ಣು ಮಾಡಿದ ದಿನ.

ಖರ್ಜೂರದ ಮರದ ಒಂದು ಸ್ವರವನ್ನೂ ಅವನು ಬರೆದಿರಲಿಲ್ಲ.

ಬರೆದದ್ದು ಬೇರೆ. ಅದು ಅವಳ ಬಟ್ಟೆಯ ಪೆಟ್ಟಿಗೆಯಲ್ಲಿ, ಬಿಳಿ ಟೋಪಿಗಳ ಕೆಳಗೆ ಇತ್ತು. ಅದೂ ಎಂಟು ಧ್ವನಿಯದೇ, ಎರಡು ಗುಂಪಿನದೇ. ನೆಮ್ಮದಿಯಾಗಿ ಮಲಗಿ ನಿದ್ದೆ ಹೋಗುವುದರ ಬಗ್ಗೆ ಇದ್ದ, ಅವಳಿಗೆ ಇಷ್ಟವಾದ ಒಂದು ವಾಕ್ಯ. ಹಿಂದೆಲ್ಲ ಅವನ ಹಾಡುಗಳ ಪ್ರತಿ ತೆಗೆಯುತ್ತಿದ್ದವಳು ಅವಳು. ಇದೊಂದರ ಪ್ರತಿಗಳನ್ನು ಮಾತ್ರ ಅವನೇ ಬರೆದಿದ್ದ. ಎಂಟೂ ಹಾಳೆಗಳ ತಲೆಯ ಮೇಲೆ ಅವಳ ಹೆಸರು.

ಅದನ್ನು ಯಾರೂ ಹಾಡಿರಲಿಲ್ಲ. ಹಾಡುವಂತೆಯೂ ಇರಲಿಲ್ಲ. ವೈಡೆನ್‌ರೋಡದಲ್ಲಿ ಸಾವಿಗೆ ಮೂರು ದರ್ಜೆ. ನಗರಸಭೆಯ ಮನೆತನದವರು ಸತ್ತರೆ ಇಡೀ ಶಾಲೆ ಹಾಡುತ್ತ ಹೋಗಬೇಕು. ಎಂಟು ಧ್ವನಿಯ ಹಾಡು ಅವರಿಗೆ ಮಾತ್ರ. ಕುಶಲಕರ್ಮಿಗಳಿಗೆ ಅರ್ಧ ಶಾಲೆ. ಉಳಿದವರಿಗೆ ಕಾಲು ಶಾಲೆ, ಒಂದೇ ಧ್ವನಿಯ ಒಂದು ಸಾದಾ ಪ್ರಾರ್ಥನೆ. ಮೇಷ್ಟ್ರ ಹೆಂಡತಿ ಉಳಿದವರಲ್ಲಿ ಬರುತ್ತಾಳೆ. ಆ ದಿನ ಎಂಟು ಹುಡುಗರು ಚಳಿಗೆ ಮೂಗು ಸುರಿಸುತ್ತ ಮೂರು ಸಾಲು ಹಾಡಿದರು. ಹಾಡಿಸಿದವನು ಯೋಸ್ಟನೇ. ಬೇರೆ ಮೇಷ್ಟ್ರು ಊರಿನಲ್ಲಿರಲಿಲ್ಲ.

ಸ್ಟ್ರೌಬ್ ಮನೆತನದ ಸಮಾಧಿ ಸ್ಮಶಾನದ ಗೋಡೆಯ ಪಕ್ಕ. ಸಿಬಿಲ್ಲಾ ಮಲಗಿದ್ದು ಅಲ್ಲಿಂದ ಆರು ಹೆಜ್ಜೆಗೆ. ಯಜಮಾನರ ಮೆರವಣಿಗೆ ಬಂದು ನಿಂತರೆ ಮೊದಲ ಗುಂಪು ಅವಳ ಎಡಕ್ಕೆ, ಎರಡನೆಯ ಗುಂಪು ಬಲಕ್ಕೆ. ಅವಳು ನಡುವೆ. ಅವರ ಹಾಡೆಂದು ಇದನ್ನೇ ಹಾಡಿಸಿದರಾಯಿತು, ಯಾರಿಗೂ ಹೇಳಬೇಕಾಗಿಲ್ಲ. ಅವನಿಗೆ ಬೇಕಾದದ್ದು ಅಷ್ಟೇ, ಒಂದೇ ಸಲ.

ಪಾಠ ನಿಲ್ಲಿಸಿ ಮನೆಗೆ ಹೋದ. ಪೆಟ್ಟಿಗೆ ತೆಗೆದ. ಚಾಕುವಿನಿಂದ ಎಂಟು ಹಾಳೆಗಳ ಮೇಲಿನ ಹೆಸರನ್ನು ಕೆರೆದು ತೆಗೆದ. ಪುಡಿಯನ್ನು ಅಂಗೈಗೆ ಎತ್ತಿಕೊಂಡ. ಎಲ್ಲಿ ಹಾಕುವುದೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡ.

ಬೀದಿಗೆ ಇಳಿದರೆ ಬೇಕರಿಯ ಕುನಿಗುಂಡ ಹಿಟ್ಟಿನ ಕೈಯಲ್ಲೇ ಅಡ್ಡ ಬಂದಳು.

"ಮೇಷ್ಟ್ರೇ, ಏನಾಯ್ತು? ಆಯ್ತಾ?"

"ಇನ್ನೂ ಇಲ್ಲಮ್ಮ."

"ಇನ್ನೂ ಇಲ್ವಾ! ಸಾವಿನ ಮನೆಗೆ ಅಂತ ನಲವತ್ತು ತಟ್ಟೆ ಬೆಣ್ಣೆ ಕೇಕಿಗೆ ಹಿಟ್ಟು ನಾದಿದೀನಿ. ಉಬ್ಬಿ ಉಬ್ಬಿ ತೊಟ್ಟಿ ದಾಟಿ ನೆಲಕ್ಕೆ ಇಳೀತಾ ಇದೆ. ಹಿಟ್ಟು ಕಾಯುತ್ತಾ?" ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದ್ಯಾಕೆ ಕೋಟಿಗೆ ಗುಂಡಿ ಇಲ್ಲ? ಸಿಬಿಲ್ಲಾ ಇದ್ದಿದ್ರೆ ನಿಮ್ಮನ್ನ ಹೀಗೆ ಬೀದಿಗೆ ಬಿಡ್ತಿದ್ಲಾ?"

"ಬಿಡ್ತಿರ್ಲಿಲ್ಲ."

ಮೂಲೆಯಲ್ಲಿ ಊರ ವಾದ್ಯಗಾರ ಗಂಗೋಲ್ಫ್ ಸಿಕ್ಕಿದ. ಅವನ ಹೆಗಲ ಮೇಲೆ ಟ್ರಾಂಬೋನ್, ಹಿಂದೆ ಇನ್ನೂ ಮೂವರು, ಅವರ ಹೆಗಲ ಮೇಲೂ ಟ್ರಾಂಬೋನ್.

"ಆರು ವರ್ಷ ಆಯ್ತು ಮೇಷ್ಟ್ರೇ, ಒಂದು ದೊಡ್ಡ ಸಾವು ಕಂಡು. ನನ್ನ ವಾದ್ಯದೊಳಗೆ ಜೇಡ ಮೊಟ್ಟೆ ಇಟ್ಟಿತ್ತು. ಎಲ್ಲಿ, ನಮ್ಮ ಹಾಳೆ ಕೊಡಿ."

"ಹಾಡೋರ ಜೊತೆಗೇ ಊದಿ. ಬೇರೆ ಹಾಳೆ ಇಲ್ಲ."

"ನಮಗೇ ಅಂತ ನಾಲ್ಕು ಸ್ವರ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅಷ್ಟರಲ್ಲಿ ಯಜಮಾನರ ಮಗಳು ಆಗ್ನೇಸ ಓಡುತ್ತ ಬಂದಳು.

"ಮೇಷ್ಟ್ರೇ, ಅಪ್ಪ ಹಾಡು ಕೇಳ್ಬೇಕಂತೆ. ಈಗಲೇ."

"ಈಗ? ಅದು ಅವರ... ಅದು ಆಮೇಲೆ ಹಾಡೋದಲ್ವೇನಮ್ಮ?"

"ಆಮೇಲೆ ನಾನು ಹೇಗೆ ಕೇಳ್ತೀನಿ ಅಂತಾರೆ. ನಲವತ್ತು ವರ್ಷ ಬಟ್ಟೆ ಮುಟ್ಟಿ ನೋಡದೆ ತಗೊಂಡಿಲ್ಲ, ಇದನ್ನೂ ತಗೊಳ್ಳಲ್ಲ ಅಂತಾರೆ." ಅವಳ ಕಣ್ಣು ಕೆಂಪಾಗಿದ್ದವು. "ಹನ್ನೊಂದು ರಾತ್ರಿ ಆಯ್ತು, ಕಣ್ಣು ಮುಚ್ಚಿಲ್ಲ. ಅವರೂ ಮಲಗಲ್ಲ, ನಮ್ಮನ್ನೂ ಮಲಗೋಕೆ ಬಿಡಲ್ಲ. ಬನ್ನಿ."

ಮಧ್ಯಾಹ್ನಕ್ಕೆ ಯಜಮಾನರ ಮಲಗುವ ಕೋಣೆಯಲ್ಲಿ ಮೊದಲ ಗುಂಪು ನಿಂತಿತು. ಜಾಗ ಸಾಲದೆ ಎರಡನೆಯ ಗುಂಪು ಮೆಟ್ಟಿಲ ಮೇಲೆ ನಿಂತಿತು. ಟ್ರಾಂಬೋನಿನವರು ಮೆಟ್ಟಿಲ ತಿರುವಿನಲ್ಲಿ. ಸ್ವರ ನೋಡಲೆಂದು ಗಂಗೋಲ್ಫ್ ತನ್ನ ವಾದ್ಯದ ಜಾರುಕೊಳವೆಯನ್ನು ಒಮ್ಮೆ ಉದ್ದಕ್ಕೆ ತಳ್ಳಿದ. ಅದು ಸುದ್ದಿಗಾಗಿ ಮೇಲೆ ಬರುತ್ತಿದ್ದ ಬಾರ್ಟೆಲ್‌ನ ಹೊಟ್ಟೆಗೆ ತಗುಲಿ, ಅವನು ಏಳು ಮೆಟ್ಟಿಲು ಕೆಳಗೆ ಹೋಗಿ ಕುಳಿತ.

"ಸತ್ತೆ!" ಎಂದ.

"ನೀನಲ್ಲ ಕಣೋ, ಇನ್ನೂ ಸರದಿ ಬಂದಿಲ್ಲ" ಎಂದ ಗಂಗೋಲ್ಫ್.

ಯಜಮಾನರು ಐದು ದಿಂಬುಗಳ ನಡುವೆ, ಮಾರಾಟವಾಗದೆ ಉಳಿದ ಗಂಟಿನ ಹಾಗೆ ಕುಳಿತಿದ್ದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಹಿಂದಿನ ಕಿಟಕಿಯಾಚೆ ಗೋಡೆ, ಗೋಡೆಯಾಚೆ ಸ್ಮಶಾನ. ಯೋಸ್ಟ್ ಅತ್ತ ನೋಡಲಿಲ್ಲ.

"ಹಾಳೆ ಕೊಡಿ."

ಕೊಟ್ಟ. ಯಜಮಾನರು ಸ್ವರ ಓದಲು ಬಾರದವರು. ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು. ಮೇಲ್ಭಾಗಕ್ಕೆ ಬಂದಾಗ ಬೆರಳು ನಿಂತಿತು.

"ಇಲ್ಲಿ ತೆಳುವಾಗಿದೆ. ಏನೋ ಕೆರೆದಿದೀರಿ."

"ಹೌದು, ಯಜಮಾನ್ರೇ."

"ಬಟ್ಟೇಲಿ ಇಂಥ ಜಾಗ ಕಂಡ್ರೆ ನಾನು ಇಡೀ ಥಾನು ವಾಪಸ್ ಕಳಿಸ್ತೀನಿ. ಏನಿತ್ತು ಇಲ್ಲಿ?"

ಜೇಬಿನೊಳಗೆ ಯೋಸ್ಟನ ಬೆರಳಿಗೆ ಆ ಪುಡಿ ತಾಗಿತು.

"ಬೇಡದ್ದೊಂದು ಬರೆದಿದ್ದೆ. ತೆಗೆದೆ."

"ಹೂಂ. ಖರ್ಜೂರದ ಮರ ಎಲ್ಲಿ?"

"ಮರ ಎಂಟು ಧ್ವನಿಗೆ ಒಗ್ಗಲಿಲ್ಲ ಯಜಮಾನ್ರೇ. ಒಂದು ಗುಂಪು ಬೆಳೆಸೋ ಹೊತ್ತಿಗೆ ಇನ್ನೊಂದು ಗುಂಪು ಕಡಿದ ಹಾಗೆ ಕೇಳ್ತಿತ್ತು. ಅದಕ್ಕೆ ಬೇರೆ ವಾಕ್ಯ ತಗೊಂಡೆ."

"ನನ್ನ ಸಾವು, ನಿಮ್ಮ ಇಷ್ಟ. ಚೆನ್ನಾಗಿದೆ. ಶುರು ಮಾಡಿ. ಹಿಡಿಸದಿದ್ರೆ ಮರಾನೇ ಬೇಕು, ಈಗಲೇ ಹೇಳಿರ್ತೀನಿ."

ಯೋಸ್ಟ್ ಬಾಗಿಲ ಹೊಸ್ತಿಲಲ್ಲಿ ನಿಂತ. ಒಂದು ಕೈ ಕೋಣೆಯೊಳಗೆ, ಇನ್ನೊಂದು ಕೈ ಮೆಟ್ಟಿಲ ಕಡೆಗೆ, ಎರಡು ಮನೆಗಳ ನಡುವೆ ಒಗೆದ ಬಟ್ಟೆ ಹರವುವವನ ಹಾಗೆ. ಕೈ ಇಳಿಸಿದ.

ಒಳಗಿನವರು ಹಾಡಿದರು. ಮೆಟ್ಟಿಲಿನವರು ಉತ್ತರ ಕೊಟ್ಟರು. ಮೊದಲು ಅರ್ಧ ತಾಳ ತಡವಾಯಿತು, ಆಮೇಲೆ ಕೂಡಿಕೊಂಡಿತು. ಒಂದು ಗುಂಪು ಬಿಟ್ಟಲ್ಲಿ ಇನ್ನೊಂದು ಗುಂಪು ಎತ್ತಿಕೊಂಡಿತು, ನಿದ್ದೆ ಹೋದ ಮಗುವನ್ನು ತೋಳಿಂದ ತೋಳಿಗೆ ದಾಟಿಸಿದಂತೆ. ಅಡುಗೆಯವಳು ಕೆಳಗೆ ಸೌಟು ಇಟ್ಟಳು. ಬಾರ್ಟೆಲ್ ಹೊಟ್ಟೆ ತಿಕ್ಕುವುದನ್ನು ನಿಲ್ಲಿಸಿದ. ಯೋಸ್ಟ್ ಮಾತ್ರ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಎರಡನೆಯ ಗುಂಪಿನ ಟೆನರ್ ಧ್ವನಿ ಎಲ್ಲಿ ತಪ್ಪುತ್ತದೋ ಎಂದು ಕಾಯುತ್ತಿದ್ದ. ತಪ್ಪಲಿಲ್ಲ.

ಮುಗಿಯಿತು. ಯಜಮಾನರ ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು. ಕೈಯಲ್ಲಿದ್ದ ಹಾಳೆ ಜಾರಿ ನೆಲಕ್ಕೆ ಬಿತ್ತು.

"ಅಪ್ಪಾ?" ಎಂದಳು ಆಗ್ನೇಸ.

ಅವಳು ಮಂಚದ ಹತ್ತಿರ ಬಂದು ಬಾಗಿದಳು.

"ಅಪ್ಪಾ!"

ಬಾರ್ಟೆಲ್ ಕಾಯಲಿಲ್ಲ. ಅವನು ಬೀದಿ ದಾಟಿದ್ದು ಯಾರಿಗೂ ಕಾಣಲಿಲ್ಲ, ಗಂಟೆ ಮಾತ್ರ ಕೇಳಿಸಿತು. ಕೊಬ್ಬು ಸವರಿದ ಹಗ್ಗ ಚೆನ್ನಾಗಿಯೇ ಕೆಲಸ ಮಾಡಿತು. ಕುನಿಗುಂಡ ಶಿಲುಬೆಯ ಗುರುತು ಹಾಕಿಕೊಂಡು ನಲವತ್ತು ತಟ್ಟೆಗಳನ್ನು ಒಲೆಗೆ ತಳ್ಳಿದಳು. ಅಲ್ಲಿ ಎಲ್ಲರೂ ಲೂಥರನ ಮಾರ್ಗದವರು, ಆ ಗುರುತು ಬಿಟ್ಟವರು ಎಂಬುದು ಆ ಗಾಬರಿಯಲ್ಲಿ ಅವಳಿಗೆ ನೆನಪಾಗಲಿಲ್ಲ. ಕರಿ ಬಟ್ಟೆಗಳು ಬಿಸಿಲಿನಿಂದ ಎದ್ದು ಜನರ ಮೈ ಸೇರಿದವು. ಗಂಗೋಲ್ಫ್ ಬಾಗಿಲ ಹೊರಗೆ ನಿಂತು, ಯಾರೂ ಕೇಳದಿದ್ದರೂ, ಊದಲು ಶುರುಮಾಡಿದ.

ಕೋಣೆಯಲ್ಲಿ ಆಗ್ನೇಸ ಮಂಚದ ಪಕ್ಕ ಮೊಣಕಾಲೂರಿ ಅಳುತ್ತಿದ್ದಳು. ಯೋಸ್ಟನ ಕಣ್ಣು ತಾನಾಗಿ ಹಿಂದಿನ ಕಿಟಕಿಗೆ ಹೋಯಿತು. ಗುರುವಾರ ಮಣ್ಣು, ಎಂದುಕೊಂಡ. ಹೆಚ್ಚೆಂದರೆ ಶುಕ್ರವಾರ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ಆದರೂ ಇನ್ನೊಮ್ಮೆ ಅಂದುಕೊಂಡ.

ಆಗ ಮಂಚದಿಂದ ಒಂದು ಸದ್ದು ಬಂತು. ಎರಡನೆಯ ಗುಂಪಿನ ಅತಿ ಕೆಳಗಿನ ಸ್ವರಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಉದ್ದವಾಗಿ ಬಂತು, ನಿಂತಿತು, ಮತ್ತೆ ಬಂತು.

ಆಗ್ನೇಸ ತಲೆಯೆತ್ತಿದಳು.

"ಗೊರಕೆ" ಎಂದಳು. ಆಮೇಲೆ ಎದ್ದು ನಿಂತು, "ಗೊರಕೆ! ಹನ್ನೊಂದು ದಿನದ ಮೇಲೆ! ಎಲ್ಲರೂ ಹೊರಗೆ ಹೋಗಿ. ಸದ್ದು ಮಾಡಿದ್ರೆ ನೋಡಿ!"

ಆದರೆ ಸದ್ದು ಮಾಡದಿರುವುದು ಊರಿಗೆ ಸಾಧ್ಯವಿರಲಿಲ್ಲ. ಗಂಟೆ ಇನ್ನೂ ಮೊಳಗುತ್ತಿತ್ತು. ನಿಲ್ಲಿಸೆಂದು ಹೇಳಲು ಗೋಪುರ ಹತ್ತಿದ ಯೋಸ್ಟನ ಮೇಲೆ ಬಾರ್ಟೆಲ್ ರೇಗಿದ.

"ಸತ್ತಿಲ್ವಾ? ಹಾಗಾದ್ರೆ ನಾನು ಬಾರಿಸಿದ್ದು ಯಾರಿಗೆ?"

ಕೆಳಗೆ ಕುನಿಗುಂಡ ಕಾದಿದ್ದಳು. "ಎಂಥ ಹಾಡು ಮೇಷ್ಟ್ರೇ ನಿಮ್ದು! ಸಾಯೋಕೆ ಅಂತ ಮಲಗಿದ್ದ ಮನುಷ್ಯನ್ನ ಎಬ್ಬಿಸ್ಬಿಟ್ರಲ್ಲ!"

"ಎಬ್ಬಿಸಿಲ್ಲಮ್ಮ. ಮಲಗಿಸಿದೆ."

"ಎರಡೂ ಒಂದೇ. ಈಗ ಈ ನಲವತ್ತು ತಟ್ಟೆ ಯಾರು ತಿಂತಾರೆ?"

ಅದಕ್ಕೆ ಉತ್ತರ ಸಂಜೆ ಸಿಕ್ಕಿತು. ಗಂಟೆ, ಟ್ರಾಂಬೋನ್, ಬೀದಿಯ ಗಲಾಟೆ ಯಾವುದಕ್ಕೂ ಏಳದ ಯಜಮಾನರು ಬೆಣ್ಣೆ ಕೇಕಿನ ವಾಸನೆಗೆ ಎದ್ದರು. "ಯಾರು ಹೋದ್ರು?" ಎಂದು ಕೇಳಿದರು. ತಮ್ಮ ಸಾವಿನ ಕೇಕಿನಲ್ಲಿ ಮೂರು ತುಂಡು ತಿಂದು, ಎರಡು ಮೊಟ್ಟೆ ಒಡೆದು ಹಾಕಿದ ಬಿಯರ್ ಗಂಜಿ ಕುಡಿದು, ಮೇಷ್ಟ್ರನ್ನು ಹಾಡುವವರ ಸಮೇತ ಕರೆಸಿದರು.

ಕೆಲಸ ಹೋಯಿತೆಂದುಕೊಂಡೇ ಯೋಸ್ಟ್ ಮೆಟ್ಟಿಲು ಹತ್ತಿದ. ಎಂಟು ಹಾಳೆಗಳನ್ನೂ ದಿಂಬಿನ ಪಕ್ಕ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು.

"ಮೇಷ್ಟ್ರೇ, ಈ ಹಾಡು ನನ್ನದು ತಾನೇ?"

ಯೋಸ್ಟ್ ಹಾಳೆಗಳನ್ನು ನೋಡಿದ. "ನಿಮ್ಮದೇ, ಯಜಮಾನ್ರೇ."

"ಬೇರೆ ಯಾರ ಸಾವಿಗೂ ಇದನ್ನ ಹಾಡಬಾರದು."

"ಇಲ್ಲ."

"ಸ್ಮಶಾನದಲ್ಲಿ ಇದು ಕೇಳೋದು ನಾನು ಹೋದ ದಿನ ಮಾತ್ರ."

"ಹೌದು, ಯಜಮಾನ್ರೇ. ಆ ದಿನ ಮಾತ್ರ." ಅವನಿಗೆ ಅಷ್ಟು ಸಾಕಿತ್ತು. ಒಂದು ವರ್ಷವೋ ಎರಡು ವರ್ಷವೋ, ಕಾಯಬಹುದು. ಅವಳೂ ಕಾಯುತ್ತಾಳೆ.

"ಒಳ್ಳೇದು." ಯಜಮಾನರು ದಿಂಬಿಗೆ ಒರಗಿದರು. "ವೈದ್ಯರು ಬಂದಿದ್ರು. ಕಾಯಿಲೆ ಏನೂ ಇಲ್ಲವಂತೆ, ನಿದ್ದೆ ಇಲ್ಲದ್ದೇ ಕಾಯಿಲೆಯಂತೆ. ದಿನಾ ಇವತ್ತಿನ ಹಾಗೆ ಮಲಗಿದ್ರೆ ಇನ್ನು ಹದಿನೈದು ವರ್ಷಕ್ಕೆ ಮೋಸ ಇಲ್ಲ ಅಂದ್ರು. ಅದಕ್ಕೆ ಇವತ್ತಿಂದ ದಿನಾ ಸಂಜೆ ಪ್ರಾರ್ಥನೆ ಗಂಟೆ ಆದ ಮೇಲೆ ನಿಮ್ಮವರನ್ನ ಕರ್ಕೊಂಡು ಇಲ್ಲಿಗೆ ಬನ್ನಿ. ಇದೇ ಹಾಡು. ಬೇರೆ ಬೇಡ. ಹಾಳೆ ನನ್ನ ಹತ್ರಾನೇ ಇರುತ್ತೆ."

"ದಿನಾ?"

"ಭಾನುವಾರಾನೂ. ಯಾಕೆ, ನಾನು ಬದುಕೋದು ನಿಮಗೆ ಇಷ್ಟ ಇಲ್ವಾ?"

ಮೊದಲ ಗುಂಪು ಕೋಣೆಯಲ್ಲಿ ನಿಂತಿತು. ಎರಡನೆಯದು ಮೆಟ್ಟಿಲ ಮೇಲೆ. ಯೋಸ್ಟ್ ಹೊಸ್ತಿಲಿಗೆ ಹೋದವನು ತಿರುಗಿ ಬಂದ.

"ಯಜಮಾನ್ರೇ, ಆ ಹಿಂದಿನ ಕಿಟಕಿ ಸ್ವಲ್ಪ ತೆಗೆದಿಟ್ರೆ..."

"ಯಾಕೆ?"

"ಹಾಡೋರಿಗೆ ಉಸಿರಾಡೋಕೆ."

"ಆ ಕಡೆ ಇರೋದು ಸ್ಮಶಾನ, ಮೇಷ್ಟ್ರೇ. ಅಲ್ಲಿಂದ ಗಾಳಿ ಬಂದ್ರೆ ನನ್ನ ನಿದ್ದೆ ಹಾಳಾಗುತ್ತೆ. ಆಗ್ನೇಸ, ಪರದೆನೂ ಎಳೆದುಬಿಡಮ್ಮ. ಇನ್ನೊಂದು ಮಾತು, ಮಧ್ಯಾಹ್ನ ಸ್ವಲ್ಪ ಜೋರಾಯ್ತು. ಈ ಕೋಣೆ ದಾಟದ ಹಾಗೆ, ಮೆತ್ತಗೆ ಹಾಡಿ."

ಆಗ್ನೇಸ ಪರದೆ ಎಳೆದಳು. ದಪ್ಪ ಕರಿ ಉಣ್ಣೆ ಬಟ್ಟೆ, ಯೋಸ್ಟನ ಕೋಟಿನ ಥಾನಿನದೇ. ಅವನು ಎರಡೂ ಕೈ ಎತ್ತಿದ. ಹಾಡು ಎರಡನೆಯ ಸಾಲಿಗೆ ಬರುವ ಮೊದಲೇ ಯಜಮಾನರು ಗೊರಕೆ ಹೊಡೆಯತೊಡಗಿದರು.