ಎಡಗಡೆಯಿಂದ ತೆಗೆದ ಫೋಟೋ

ಆ ಭಾನುವಾರ ಕಾಶೀರಾಮನಿಗಾದ ಫಜೀತಿಗೆಲ್ಲ ಕಾರಣ ಒಂದು ತೂತು. ದೊಡ್ಡದೇನಲ್ಲ, ಒಂದು ಶೇಂಗಾಬೀಜ ತೂರುವಷ್ಟು. ಅದು ಇದ್ದದ್ದು ಅವನ ಹಸಿರು ಕೂಲರಿನ ತಳದ ಬಲಮೂಲೆಯಲ್ಲಿ. ಎರಡು ಬೇಸಿಗೆ ಅದಕ್ಕೆ ಬಟ್ಟೆ ಸೋಪು ಮೆತ್ತಿ ಕಾಲ ತಳ್ಳಿದ್ದ. ಈ ಬೇಸಿಗೆಯಲ್ಲಿ ಆ ತಾಪತ್ರಯವೂ ಇರಲಿಲ್ಲ, ಕೂಲರಿಗೆ ಹಾಕಲು ನೀರೇ ಇರಲಿಲ್ಲವಲ್ಲ!

ಎರಡು ವರ್ಷದಿಂದ ಮಳೆ ಬೀದರಿನ ಕಡೆ ತಲೆ ಹಾಕಿರಲಿಲ್ಲ. ಅವನ ಗಲ್ಲಿಗೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಬಾಗಿಲ ಮುಂದೆ ಎಷ್ಟು ಪಾತ್ರೆ ಇಟ್ಟಿರುತ್ತಾರೋ ಅಷ್ಟು ನೀರು. ಕಾಶೀರಾಮನ ಬಾಗಿಲಲ್ಲಿ ಇರುತ್ತಿದ್ದದ್ದು ಎರಡು ಕೊಡ, ಒಂದು ಬಕೆಟ್. ಗಂಡ ಹೆಂಡತಿ ಅಷ್ಟರಲ್ಲೇ ಹೇಗೋ ಸುಧಾರಿಸಿಕೊಂಡಿದ್ದರು.

ಆದರೆ ಆ ಸಂಜೆ ಔರಾದದಿಂದ ಅಕ್ಕ ಕೌಸಲ್ಯಾಬಾಯಿ ಮೂರು ಮಕ್ಕಳನ್ನು ಕಟ್ಟಿಕೊಂಡು ಬರುವವಳಿದ್ದಳು. ಭಾವ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವರ ಓಣಿಯ ಬಾವಿ ಬತ್ತಿತ್ತು. ಮಳೆ ಬರುವವರೆಗೆ ಅವಳು ತಮ್ಮನ ಮನೆಯಲ್ಲೇ ಇರಬೇಕಿತ್ತು. ತಾಯಿ ತೀರಿದ ಮೇಲೆ ಕಾಶೀರಾಮನನ್ನು ಸಾಕಿದವಳು ಆ ಅಕ್ಕ. ತನ್ನ ಪಾಲಿನ ರೊಟ್ಟಿ ಮುರಿದು ಅವನ ಡಬ್ಬಿಗೆ ಹಾಕಿ ಶಾಲೆಗೆ ಕಳಿಸಿದವಳು. ಇಂದು ಅವನು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿ ಕುರ್ಚಿಯ ಮೇಲೆ ಕೂತಿದ್ದರೆ ಅದು ಅವಳ ಪುಣ್ಯ. ಅಂಥವಳು ಮೊದಲ ಸಲ ಇರಲು ಬಂದಾಗ ‘ಅಕ್ಕಾ, ನೀರು ನೋಡಿ ಬಳಸು’ ಎನ್ನಬೇಕಾಗಿ ಬಂದರೆ ತನ್ನ ನಾಲಿಗೆಯಾದರೂ ಹೇಗೆ ಹೊರಳೀತು ಎಂದು ಅವನಿಗೆ ಮೂರು ದಿನದಿಂದ ಸಂಕಟ.

“ಕೂಲರ್ ಮಾರಿಬಿಡ್ತೇನಿ,” ಎಂದ ಹೆಂಡತಿ ಕಾಂತಾಬಾಯಿಗೆ. “ಆ ರೊಕ್ಕದಾಗ ನೀರಿನ ಟಾಕಿ ತರ್ತೇನಿ. ಆರಕ್ಕ ಟ್ಯಾಂಕರ್ ಬರ್ತದ, ಅಷ್ಟರಾಗ ಆಗಬೇಕು.”

“ಸೋರೋ ಕೂಲರ್ ಯಾರ್ ತಗೋತಾರ್ರಿ?”

“ಫೋನಿನಾಗ ಫೋಟೋ ಹಾಕಿ ಮಾರ್ತೇನಿ. ಫೋಟೋ ಸೋರಂಗಿಲ್ಲಲ್ಲ!”

ಕೂಲರನ್ನು ಅಂಗಳಕ್ಕೆ ಎಳೆದು ಒಂದು ಫೋಟೋ ಹೊಡೆದ. ಅಷ್ಟರಲ್ಲಿ ಎದುರುಮನೆಯ ಬಸವಣ್ಣೆಪ್ಪ ಮಾಸ್ತರರು ಹಾಜರಾದರು. ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕಲಿಸುವ ಚಟ ಮಾತ್ರ ನಿವೃತ್ತಿ ಹೊಂದಿರಲಿಲ್ಲ.

“ಇದೇನೋ ಕಾಶೀರಾಮ, ಕೂಲರೋ, ಪೊಲೀಸರು ಹಿಡಿದಿಟ್ಟ ಕಳ್ಳಮಾಲೋ?” ಎಂದರು ಫೋನು ನೋಡಿ. “ಫೋನ್ ನೆಲಕ್ಕ ಹಿಡಿ. ಕೆಳಗಿಂದ ತಗದ್ರ ಮೊಣಕಾಲೆತ್ತರದ್ದೂ ಆಳೆತ್ತರ ಕಾಣ್ತದ. ಎಡಗಡಿಂದ ತಗಿ, ತೂತು ಬಲಗಡಿ ಉಳೀತದ. ಮತ್ತ, ಕೂಲರಿನ ಹುಲ್ಲು ಹಸಿ ಇರಬೇಕು, ಗಾಳಿಗಿ ರಿಬ್ಬನ್ ಹಾರಬೇಕು. ಒಣಾ ಕೂಲರ್ ನೋಡಿದ್ರ ಕೊಳ್ಳೋರಿಗಿ ನೀರಡಿಕಿ ಆಗ್ತದ.”

ನೀರು ಎಂದೊಡನೆ ಕಾಶೀರಾಮನ ಮುಖ ಸಣ್ಣದಾಯಿತು. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಮಹಮೂದಾ ಬೇಗಂ ಒಂದು ಕೈಯಲ್ಲಿ ಬಿಂದಿಗೆ, ಇನ್ನೊಂದರಲ್ಲಿ ನವಿಲು ಚಿತ್ರದ ಚಾದರ ಹಿಡಿದು ಬಂದರು.

“ತಗೋ ಬೇಟಾ. ಚಾದರ ಗೋಡಿಗಿ ಕಟ್ಟು, ಸುಣ್ಣ ಉದುರಿದ ಪೋಪಡಿ ಮುಚ್ಚತದ. ನೀರು ಫೋಟೋ ಆದಮ್ಯಾಲ ವಾಪಸ್ ಕೊಡು.”

“ಖಾಲಾ, ಈ ಕಾಲದಾಗ ನೀರು ಕೊಡ್ಲತ್ತೀರಿ, ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿರಿ?” ಎಂದ ಕಾಶೀರಾಮನ ಕಣ್ಣುಗಳು ನಿಜಕ್ಕೂ ತೇವವಾದವು. ಆ ಗಲ್ಲಿಯಲ್ಲಿ ಅಂದು ತೇವವಾಗಿದ್ದದ್ದು ಅವೆರಡೇ ಇರಬೇಕು.

ಕಾಂತಾಬಾಯಿ ಹಳದಿ ಸೋಪಿನ ತುಂಡೊಂದನ್ನು ನಾದಿ ತೂತಿಗೆ ಹೆಬ್ಬೆರಳಿನಿಂದ ಒತ್ತಿದಳು. ಬಿಂದಿಗೆ ಬರಿದಾಯಿತು. ಕಾಶೀರಾಮ ಸ್ವಿಚ್ಚು ಹಾಕಿದ. ಕರೆಂಟು ಹೋಯಿತು.

ಕರೆಂಟು ಬರುವವರೆಗೆ ಎಡಗಡೆಯ ಜಾಗ ಬಿಡಬಾರದೆಂದು ಮಾಸ್ತರರ ಅಪ್ಪಣೆ. ಕಾಶೀರಾಮ ಬಿಸಿಲಲ್ಲಿ ಹೊಟ್ಟೆಯ ಮೇಲೆ ಮಲಗಿ, ಫೋನು ಹಿಡಿದು ಕಾದ. ಮೂಲೆಮನೆಯ ಗಂಗುಬಾಯಿ ಹಾದು ಹೋಗುವಾಗ ಕಂಡದ್ದು ನೆಲಕ್ಕೆ ಬಿದ್ದ ಕಾಶೀರಾಮ ಮಾತ್ರ.

“ಅಯ್ಯಯ್ಯೋ, ಕಾಶೀರಾಮಗ ಬಿಸಲು ಬಡೀತು! ಉಳ್ಳಾಗಡ್ಡಿ ತರ್ರೆವ್ವಾ!”

ಮರುಕ್ಷಣ ನಾಲ್ಕು ಮನೆಯ ಹೆಂಗಸರು ಅವನ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದರು. “ನಂಗೇನಾಗಿಲ್ರಿ!” ಎಂದು ಅವನು ಕೂಗಿದಷ್ಟೂ “ಬಡಬಡಸ್ಲತ್ತಾನ, ಇನ್ನಾ ತಿಕ್ಕ್ರಿ” ಎಂದಳು ಗಂಗುಬಾಯಿ. ಆಗಲೇ ಕರೆಂಟು ಬಂತು. ಕೂಲರು ಭರ್ರೆಂದಿತು, ರಿಬ್ಬನ್ನು ಹಾರಿತು, ಕಚಗುಳಿಗೆ ಒದ್ದಾಡಿದ ಕಾಶೀರಾಮನ ಬೆರಳು ಫೋನಿನ ಗುಂಡಿಯ ಮೇಲೆ ಬಿತ್ತು.

ಆ ಫೋಟೋ ನೋಡಲು ಎಲ್ಲರೂ ಮುಗಿಬಿದ್ದರು. ನವಿಲುಗಳ ನಡುವೆ ಕೂಲರು ಮದುಮಗನ ಹಾಗೆ ನಿಂತಿತ್ತು.

“ಇದು ನಮ್ದೇ ಏನ್ರಿ?” ಎಂದಳು ಕಾಂತಾಬಾಯಿ.

ಅಷ್ಟರಲ್ಲಿ ಬಲಗಡೆ ಸೋಪಿನ ಸಂದಿಯಿಂದ ಅರ್ಧ ಬಿಂದಿಗೆ ನೀರು ಸೋರಿ ಹೋಗಿತ್ತು. ಉಳಿದರ್ಧವನ್ನು ಕಾಶೀರಾಮ ತಲೆ ತಗ್ಗಿಸಿ ವಾಪಸು ಕೊಟ್ಟ. ಮಹಮೂದಾ ಬೇಗಂ “ಹೋಗ್ಲಿ ಬಿಡು ಬೇಟಾ” ಎಂದು ನಕ್ಕುಬಿಟ್ಟರು.

ಗಂಟೆಯೊಳಗೆ ಫೋನು ಬಂತು. ಊರಿನದೇ ಗಿರಾಕಿ, ಪಂಢರಿ ಎಂಬುವವನು.

“ಸಾಹೇಬ್ರ, ಸೋರ್ತದೇನ್ರಿ?”

ಸುಳ್ಳು ಹೇಳುವುದು ಕಾಶೀರಾಮನ ಜಾಯಮಾನದಲ್ಲಿ ಇರಲಿಲ್ಲ. “ಫೋಟೋ ನೋಡ್ರಿ. ಒಂದು ಹನಿ ಕಾಣಸ್ತದೇನು?” ಎಂದ.

ಹನ್ನೆರಡಕ್ಕೆ ಆಟೋದವನೊಬ್ಬ ಬಂದು ಹದಿನೈದು ನೂರು ಕೊಟ್ಟು ಕೂಲರು ಹೊತ್ತೊಯ್ದ. ಕಾಶೀರಾಮ ಟಾಕಿ ಹುಡುಕಲು ಹೊರಟ. ಬರಗಾಲದಲ್ಲಿ ಟಾಕಿಗೆ ಬಂಗಾರದ ಬೆಲೆ. ಮೂರು ಅಂಗಡಿ ತಿರುಗಿ ಬೆವರು ಸುರಿಸಿ ಬಂದು ಫೋನಿನಲ್ಲೇ ಹುಡುಕಿದ. ನಾಲ್ಕಕ್ಕೆ ಒಂದು ಸಿಕ್ಕಿತು: ಆಗಷ್ಟೇ ಹಾಕಿದ್ದ ಫೋಟೋ, ನೀಲಿ ಬಣ್ಣದ ತಗಡಿನ ಟಾಕಿ, ಕಾಲುಗಳ ಮೇಲೆ ಆಕಾಶಕ್ಕೆ ತಾಗುವಂತೆ ನಿಂತಿದೆ, ಮುಚ್ಚಳ ಬೇರೆ. ಮನೆಗೆ ತಂದುಕೊಟ್ಟು ಹದಿನೈದು ನೂರು.

‘ಸೋರ್ತದೇನ್ರಿ?’ ಎಂದು ಮೆಸೇಜು ಬರೆದ.

‘ಫೋಟೋ ನೋಡ್ರಿ ಸಾಹೇಬ್ರ. ಒಂದು ಹನಿ ಕಾಣಸ್ತದೇನು?’ ಎಂದು ಉತ್ತರ ಬಂತು.

ಎಷ್ಟು ಪ್ರಾಮಾಣಿಕ ಮನುಷ್ಯ ಎನ್ನಿಸಿತು ಕಾಶೀರಾಮನಿಗೆ. ‘ದೇವರು ನಿಮಗೆ ಒಳ್ಳೇದು ಮಾಡ್ಲಿ’ ಎಂದು ಬರೆದು ಕೈಮುಗಿದ ಚಿತ್ರವನ್ನೂ ಕಳಿಸಿದ.

ಆರಕ್ಕೆ ಹತ್ತು ನಿಮಿಷವಿರುವಾಗ ಟಂಟಂ ಗಾಡಿ ಬಂತು. ಡ್ರೈವರ್ ಟಾಕಿ ಇಳಿಸಿ, ರೊಕ್ಕ ಇಸಿದುಕೊಂಡು ಹೊರಟೇಹೋದ. ಆಕಾಶಕ್ಕೆ ತಾಗುತ್ತಿದ್ದ ಟಾಕಿ ಕಾಶೀರಾಮನ ಮೊಣಕಾಲಿಗೆ ತಾಗಿತು. ನೀಲಿ ಬಣ್ಣ ಕೈಗೆ ಅಂಟಿತು. ಬಾಯಿ ತೆರೆಯುವಷ್ಟರಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು.

ಎರಡು ಕೊಡ, ಒಂದು ಬಕೆಟ್ ತುಂಬಿ, ಪೈಪು ಟಾಕಿಗೆ ಬಿತ್ತು. ಇಷ್ಟಾದರೂ ಅಕ್ಕನಿಗಾಯಿತಲ್ಲ ಎಂದು ಕಾಶೀರಾಮ ಉಸಿರು ಬಿಟ್ಟ. ಆಗ ಬಲಮೂಲೆಯಲ್ಲಿ ನೀಲಿ ಬಣ್ಣದ ಹಕ್ಕಳೆ ಕಳಚಿತು. ಒಳಗೆ ಹಸಿರು. ಹಸಿರಿನ ನಡುವೆ ಹಳದಿ ಸೋಪು. ಸೋಪಿನ ಮೇಲೆ ಹೆಬ್ಬೆರಳಿನ ಗುರುತು.

ಕಾಂತಾಬಾಯಿ ಬಗ್ಗಿ ನೋಡಿ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಸರಿಯಾಗಿ ಕೂತಿತು. ಸೋಪು ಮಾತ್ರ ಕೂರಲಿಲ್ಲ, ಪಿಚಕ್ಕನೆ ಹಾರಿಬಿತ್ತು. ನೀರು ಅದರ ಹಿಂದೆ ಹೊರಟಿತು.

ಕಾಶೀರಾಮ ಟಾಕಿ ಮಾರಿದವನಿಗೆ ಫೋನು ಹಚ್ಚಿದ.

“ಅಯ್ಯೋ, ಕೂಲರಿನ ಸಾಹೇಬ್ರ! ಟಾಕಿ ನೀವೇ ತಗೊಂಡ್ರೇನು?” ಆ ಕಡೆ ಪಂಢರಿಯ ದನಿ. “ಮೋಟರ್ ಬ್ಯಾರೆ ಮಾರಿದ್ನಿ, ಮ್ಯಾಲಿನ ತಗಡು ಮುಚ್ಚಳಾತು, ತಳ ಉಳೀತು. ಸೋರ್ತದಂತ ಗೊತ್ತಿತ್ರಿ, ಆದ್ರ ನಿಮ್ಮ ಫೋಟೋ ನೋಡೇ ಮಾರ್ಲಿಕ್ಕ ಧೈರ್ಯ ಬಂತು. ಫೋನ್ ನೆಲಕ್ಕಿಟ್ಟು ಎಡಗಡಿಂದ ತಗದೀನಿ. ನಂದು ರಿಪೇರಿ ಅಂಗಡಿ ಮುಚ್ಚೋ ಹಂತಕ್ಕ ಬಂದಿತ್ತು. ನೀವು ನನ್ನ ಉಸ್ತಾದ್ರಿ, ನಿಮ್ಮ ಉಪಕಾರ ಸಾಯೋತನಕ ಮರಿಯಂಗಿಲ್ಲ.”

ಬೈಯಲು ಬಾಯಿ ತೆರೆದಿದ್ದ ಕಾಶೀರಾಮ “ಇರ್ಲಿ ಬಿಡ್ರಿ” ಎಂದು ಫೋನಿಟ್ಟ.

ಟ್ಯಾಂಕರ್ ಮುಂದೆ ಹೋಗಿತ್ತು. ಟಾಕಿಯಲ್ಲಿ ಅಂಗೈಯಾಳ ನೀರು. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಆಗ ಮಹಮೂದಾ ಬೇಗಂ ತುಂಬಿದ ಬಿಂದಿಗೆ ತಂದು ಅವನ ಬಾಗಿಲಲ್ಲಿಟ್ಟರು. ಹಿಂದೆಯೇ ಗಂಗುಬಾಯಿ ಒಂದು ಕೊಡ. ಮಾಸ್ತರರು ಏದುಸಿರು ಬಿಡುತ್ತ ಒಂದು ಬಕೆಟ್. ಉಳ್ಳಾಗಡ್ಡಿ ತಿಕ್ಕಿದ ಮನೆಗಳಿಂದಲೂ ಒಂದೊಂದು. ಯಾರೂ ವಾಪಸಿನ ಮಾತೆತ್ತಲಿಲ್ಲ.

“ಬ್ಯಾಡ್ರಿ, ನಿಮಗೂ ಬೇಕು...” ಎನ್ನುತ್ತ ಕಾಶೀರಾಮ ಎದ್ದು ನಿಂತ.

“ಸುಮ್ನಿರು. ಆಕಿ ನಿನಗ ಒಬ್ಬನಿಗೇ ಅಕ್ಕ ಏನು?” ಎಂದರು ಮಾಸ್ತರರು. ಒಂದು ಕೂಲರು ಕಳೆದುಕೊಂಡು ಗಲ್ಲಿಯನ್ನೇ ಗಳಿಸಿದಂತೆನಿಸಿ, ಅವನು ಎಲ್ಲರಿಗೂ ಕೈಮುಗಿದ.

ಔರಾದದ ಬಸ್ಸಿಳಿದು ಕೌಸಲ್ಯಾಬಾಯಿ ಬಂದಾಗ ಬಾಗಿಲಲ್ಲಿ ಸಾಲುಸಾಲಾಗಿ ತುಂಬಿದ ಕೊಡಗಳಿದ್ದವು. ಅವಳ ಮುಖ ಅರಳಿತು.

“ನಮ್ಮ ತಮ್ಮನ ಮನ್ಯಾಗ ಎಷ್ಟು ನೀರವ್ವಾ!” ಎಂದು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. “ಕಾಶೀ, ದಾರಿತುಂಬ ಮಕ್ಕಳದು ಒಂದೇ ಗಲಾಟಿ ನೋಡು. ಮಾಮಾನ ಮನ್ಯಾಗ ಕೂಲರ್ ಅದ, ಅದರ ಮುಂದೇ ಮಲಗ್ತೀವಿ ಅಂತಾರ. ಹಾಕು ಮೊದಲ. ಎಲ್ಲದ ಅದು?”

ಕಾಶೀರಾಮ ಹೆಂಡತಿಯ ಮುಖ ನೋಡಿದ. ಕಾಂತಾಬಾಯಿ ಮಾಸ್ತರರ ಮುಖ ನೋಡಿದಳು. ಕೊನೆಗೆ ಅವನು ಅಂಗಳದಲ್ಲಿ ಹನಿಯುತ್ತಿದ್ದ ನೀಲಿ ಟಾಕಿಯ ಕಡೆ ಕೈ ತೋರಿಸಿದ.

“ಅದೇ ಅಕ್ಕಾ,” ಎಂದ. “ಕೆಳಗ ಮಲಗಿ, ಎಡಗಡಿಂದ ನೋಡು. ಕಾಣ್ತದ.”