ಬಚ್ಚಲಲ್ಲಿ ಚಿಲಕ ಹಾಕಿಕೊಂಡ ಟರ್ಕಿ

ಕೆಮ್ಮಿನ ಮಾತ್ರೆ ಮುಗಿದುಹೋಗಿರದಿದ್ದರೆ ಸಿರಿಲ್ ಹೆಬ್ಡನ್ ಅವತ್ತು ಪೇಟೆ ಕಡೆಗೆ ತಲೆಯೇ ಹಾಕುತ್ತಿರಲಿಲ್ಲ. ಡಿಸೆಂಬರ್ ಬಂತೆಂದರೆ ಅವನು ಪೇಟೆಗೆ ಹೋಗುವುದಿಲ್ಲ. ಟೀ ಪುಡಿ, ಬಿಸ್ಕತ್ತು, ಆಲೂಗಡ್ಡೆ, ಬೆಕ್ಕಿನ ಊಟ ಎಲ್ಲವನ್ನೂ ನವೆಂಬರಿನಲ್ಲೇ ತಂದು ಪೇರಿಸಿಕೊಂಡು, ಶತ್ರುಗಳು ಮುತ್ತಿಗೆ ಹಾಕಿದ್ದಾರೇನೋ ಎಂಬಂತೆ ಮನೆಯೊಳಗೆ ಸೇರಿಕೊಳ್ಳುತ್ತಾನೆ. ಚರ್ಚಿನಲ್ಲಿ ಆರ್ಗನ್ ನುಡಿಸುವುದು ಅವನ ಕೆಲಸವಾದ್ದರಿಂದ ಅಲ್ಲಿಗೆ ಮಾತ್ರ ಹಿಂದಿನ ಓಣಿಯಿಂದ ಹೋಗಿ ಬರುತ್ತಾನೆ. ಕ್ಲಾಫ್ಟನ್ ಊರಿನ ನಮಗೆಲ್ಲ ಇದು ಗೊತ್ತು. ಕಾರಣವೂ ಗೊತ್ತು.

ಕಾರಣ ಒಂದು ಕೋಳಿ. ಪ್ರಾಯದಲ್ಲಿ ಸಿರಿಲ್ ಒಮ್ಮೆ ಪಬ್ಬಿನಲ್ಲಿ ಗೆಳೆಯರನ್ನು ನಗಿಸಲೆಂದು ಒಂದು ಹಾಡು ಕಟ್ಟಿದ. ಕ್ರಿಸ್‌ಮಸ್ ದಿನ ಒಲೆಗೆ ಹೋಗಬೇಕಾದ ಟರ್ಕಿ ಕೋಳಿ ಬಚ್ಚಲಿಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡಿದೆ. ಮನೆಮಂದಿಯೆಲ್ಲ ಹೊರಗೆ ನಿಂತು ಗೋಗರೆಯುತ್ತಿದ್ದಾರೆ. ಅಷ್ಟೇ ಹಾಡು. 'ಟರ್ಕಿರಾಯ, ಬಾಗಿಲು ತೆಗಿ' ಎಂದು ಹಾಡಿ, ಕೇಳುವವರೆಲ್ಲ ಕೈಗೆ ಸಿಕ್ಕ ಮರದ ಮೇಲೆ ಟಕ್ ಟಕ್ ಟಕ್ ಎಂದು ಬಡಿಯಬೇಕು. ಯಾರೋ ಪುಣ್ಯಾತ್ಮರು ಅದನ್ನು ರೆಕಾರ್ಡ್ ಮಾಡಿಬಿಟ್ಟರು. ಆ ವರ್ಷ ಇಂಗ್ಲೆಂಡಿಗೆ ಇಂಗ್ಲೆಂಡೇ ಬಾಗಿಲು ಬಡಿಯಿತು. ಅಲ್ಲಿಂದಾಚೆ ಪ್ರತಿ ಡಿಸೆಂಬರಿನಲ್ಲೂ ಅಂಗಡಿ ಅಂಗಡಿಯಲ್ಲಿ ಅದೇ ಹಾಡು. ದೊಡ್ಡ ಸಂಗೀತಗಾರನಾಗಬೇಕೆಂದು ಹಗಲಿರುಳು ಆರ್ಗನ್ ಕಲಿತವನು ಟರ್ಕಿ ಸಿರಿಲ್ ಆಗಿಹೋದ. ಆಮೇಲೆ ಅವನು ಬರೆದ ಗಂಭೀರ ಸಂಗೀತವನ್ನು ನಾಯಿಯೂ ಮೂಸಲಿಲ್ಲ.

ಹೆಂಡತಿ ಡೋರೀನ್‌ಗೆ ಮಾತ್ರ ಆ ಹಾಡೆಂದರೆ ಪ್ರಾಣ. ಪ್ರತಿ ವರ್ಷ ಹಬ್ಬದ ಊಟಕ್ಕೆ ಕೂತಾಗ, ಅಲ್ಲಿಯ ವಾಡಿಕೆಯಂತೆ ತಲೆಯ ಮೇಲೆ ಕಾಗದದ ಕಿರೀಟ ಇಟ್ಟುಕೊಂಡು, "ಒಂದ್ಸಲ ಹಾಡು ಸಿರಿಲ್, ನಂಗೋಸ್ಕರ" ಎಂದು ಕೇಳುತ್ತಿದ್ದಳು.

"ಸುಮ್ನಿರೇ, ಆ ದರಿದ್ರ ಯಾಕೆ? ನಿಂಗೇಂತ್ಲೇ ಒಂದು ಒಳ್ಳೇ ಹಾಡು ಬರೀತೀನಿ" ಎನ್ನುತ್ತಿದ್ದ ಇವನು.

ಬರೆಯುತ್ತೇನೆ, ಬರೆಯುತ್ತೇನೆ ಎನ್ನುವಷ್ಟರಲ್ಲಿ ಡೋರೀನ್ ಹೋಗಿಬಿಟ್ಟಳು.

ಈ ವರ್ಷ ಆ ಹಾಡು ಕೊನೆಗೂ ಬಂತು. ಮಹಡಿಯ ಕೋಣೆಯಲ್ಲಿ ಕೂತಿದ್ದಾಗ ಅದರ ರಾಗ ಆಕಾಶದಿಂದ ಇಳಿದಂತೆ ಬಂದು ಎದೆಯೊಳಗೆ ಕೂತುಬಿಟ್ಟಿತು ಎಂದು ಸಿರಿಲ್ ಕಣ್ಣೊರೆಸಿಕೊಂಡು ಹೇಳಿದ್ದ. ಹಿಮ ಬೀಳುವಷ್ಟು ನಿಧಾನದ ರಾಗ. ಪ್ರತಿ ಸಾಲಾದ ಮೇಲೆ ಒಂದಿಷ್ಟು ಮೌನ. ಅವತ್ತು ಸಂಜೆ ಕ್ರಿಸ್‌ಮಸ್ ಗೀತೆಗಳ ಪ್ರಾರ್ಥನೆಯಲ್ಲಿ ಚರ್ಚಿನ ಹಾಡುಗಾರರು ಅದನ್ನು ಮೊದಲ ಬಾರಿ ಹಾಡುವುದಿತ್ತು. ಡೋರೀನ್‌ಗೆ ಕೊಟ್ಟ ಮಾತು ಉಳಿಯಬೇಕು, ಊರು ತನ್ನನ್ನು ಒಂದು ಸಲವಾದರೂ ಸಂಗೀತಗಾರನೆಂದು ಒಪ್ಪಬೇಕು. ಅವನಿಗೆ ಬೇರೇನೂ ಬೇಕಾಗಿರಲಿಲ್ಲ.

ಅಡ್ಡಿಯಿದ್ದದ್ದು ಕೆಮ್ಮಿನದು. ಅಭ್ಯಾಸ ಶುರುವಾದಾಗಿನಿಂದ ಹಾಡುಗಾರರಿಗೆಲ್ಲ ವಿಚಿತ್ರ ಕೆಮ್ಮು. ಅದೂ ಸರಿಯಾಗಿ ಆ ಮೌನದ ಜಾಗಕ್ಕೇ ಬರುತ್ತಿತ್ತು. ಒಬ್ಬರು ಕರವಸ್ತ್ರಕ್ಕೆ ಮುಖ ಮುಚ್ಚಿಕೊಂಡರೆ ಇನ್ನೊಬ್ಬರು ಬೆನ್ನು ತಿರುಗಿಸಿ ಕೆಮ್ಮುತ್ತಿದ್ದರು. ಸಿರಿಲ್ ಡಬ್ಬಿಗಟ್ಟಲೆ ಮಾತ್ರೆ ಹಂಚಿ ಸುಸ್ತಾಗಿದ್ದ. ಕೊನೆಯ ಡಬ್ಬಿಯೂ ಖಾಲಿಯಾಗಿದ್ದರಿಂದ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಪೇಟೆಗೆ ಹೊರಟ.

ಔಷಧಿ ಅಂಗಡಿಯ ಬಾಗಿಲು ತಳ್ಳಿದನೋ ಇಲ್ಲವೋ, ಚಾವಣಿಯ ಸ್ಪೀಕರಿನಿಂದ ಅವನದೇ ಪ್ರಾಯದ ದನಿ 'ಟರ್ಕಿರಾಯ' ಎಂದು ಕೂಗಿತು. ಸಾಲಿನಲ್ಲಿದ್ದವರೆಲ್ಲ ಗಲ್ಲಾ ಕಟ್ಟೆಗೆ ಟಕ್ ಟಕ್ ಟಕ್ ಬಡಿದರು. ಸಿರಿಲ್ ಇನ್ನೇನು ಜಾರಿಕೊಳ್ಳಬೇಕು, ಪಕ್ಕದ ಮನೆಯ ಬೆರಿಲ್ ಕಣ್ಣಿಗೆ ಬಿದ್ದ. ಬೆರಿಲ್ ಮುದುಕಿಯ ಕಣ್ಣಿಗೆ ಬೀಳುವುದೂ ರೇಡಿಯೋದಲ್ಲಿ ಬರುವುದೂ ನಮ್ಮೂರಲ್ಲಿ ಒಂದೇ.

"ಅಯ್ಯೋ ನೋಡ್ರೇ, ನಮ್ ಸಿರಿಲ್ಲು! ಡಿಸೆಂಬರ್‌ನಲ್ಲಿ ಪೇಟೆಗ್ ಬಂದಿದಾನೆ! ಏನೋ, ಹುಷಾರಾಗಿದೀಯೇನೋ?"

"ಮೆಲ್ಲಗೆ ಮಾತಾಡು ಬೆರಿಲ್, ನಿನ್ ಕಾಲಿಗೆ ಬೀಳ್ತೀನಿ."

"ಯಾಕ್ ಮೆಲ್ಲಗೆ? ಕಳ್ಳತನ ಮಾಡಿದೀಯಾ? ಹಾಡ್ ಬರ್ದಿದೀಯ ಕಣೋ!"

ದುಡ್ಡು ಬಿಸಾಕಿ ಮಾತ್ರೆ ಜೇಬಿಗೆ ತುರುಕಿಕೊಂಡು ಹೊರಗೋಡಿದರೆ ಎದುರಿಗೇ ಚೌಕದಲ್ಲಿ ಊರ ಬ್ಯಾಂಡಿನವರು ತುತ್ತೂರಿ ಊದುತ್ತ ದೇಣಿಗೆ ಎತ್ತುತ್ತಿದ್ದರು. ದೇವರ ಹಾಡು ನುಡಿಸುತ್ತಿದ್ದವರು ಇವನನ್ನು ಕಂಡದ್ದೇ ತಡ, ನಡುವೆಯೇ ನಿಲ್ಲಿಸಿ ಟರ್ಕಿ ಹಾಡು ಎತ್ತಿಕೊಂಡರು. ಮಾಂಸದಂಗಡಿಯ ಬಾರ್ನಿ ಏಪ್ರನ್ನಿನಲ್ಲೇ ಓಡಿಬಂದು ಸಿರಿಲ್‌ನ ಟೋಪಿ ಕಿತ್ತು, ಅದರ ಜಾಗದಲ್ಲಿ ರಬ್ಬರಿನ ಟರ್ಕಿ ತಲೆಯೊಂದನ್ನು ಸಿಕ್ಕಿಸಿದ.

"ಒಂದ್ ಫೋಟೋ ಯಜಮಾನ್ರೇ! ಅಂಗಡೀಲಿ ಹಾಕ್ಕೋತೀನಿ. ನಿಮ್ ಹೆಸರಲ್ಲೇ ನಮ್ ವ್ಯಾಪಾರ ನಡೀತಿರೋದು!"

ಸಿರಿಲ್ ಕೊಸರಿಕೊಂಡು ದಿಕ್ಕು ನೋಡದೆ ಓಡಿದ. ಎದುರಿಗೆ ಸಿಕ್ಕ ಮೊದಲ ಬಾಗಿಲಿನೊಳಗೆ ನುಗ್ಗಿ ಚಿಲಕ ಹಾಕಿಕೊಂಡ. ಉಸಿರು ಹತೋಟಿಗೆ ಬಂದ ಮೇಲೆ ಸುತ್ತ ನೋಡಿದರೆ ಅದು ಚೌಕದ ಸಾರ್ವಜನಿಕ ಪಾಯಖಾನೆ. ತಲೆಯ ಮೇಲೆ ರಬ್ಬರಿನ ಟರ್ಕಿ ಇನ್ನೂ ಹಾಗೇ ಇತ್ತು.

ಚಿಲಕ ಬಿದ್ದ ಸದ್ದು ಹೊರಗಿನವರಿಗೆಲ್ಲ ಕೇಳಿಸಿತು. ಆಮೇಲೆ ಇಡೀ ಚೌಕಕ್ಕೆ ಒಟ್ಟಿಗೇ ಹೊಳೆಯಿತು. ಬ್ಯಾಂಡಿನವರು ಬಾಗಿಲ ಮುಂದೆಯೇ ಬಂದು ನಿಂತರು. 'ಟರ್ಕಿರಾಯ, ಬಾಗಿಲು ತೆಗಿ!' ಟಕ್ ಟಕ್ ಟಕ್!

"ಬಂತು ನೋಡಿ, ಹಾಡೇ ನಿಜವಾಗ್ಹೋಯ್ತು!" ಎಂದು ಬೆರಿಲ್ ಹೊಟ್ಟೆ ಹಿಡಿದುಕೊಂಡಳು.

"ಹೋಗ್ರೋ, ನಿಮ್ಮ ದಮ್ಮಯ್ಯ!" ಒಳಗಿನಿಂದ ಸಿರಿಲ್ ಕೂಗಿದ.

"ಹಾಡಿದ್ರೆ ಹೋಗ್ತೀವಿ!"

"ಸಂಜೆ ಆರಕ್ಕೆ ಚರ್ಚಿಗೆ ಬನ್ರೋ! ಅಲ್ಲಿ ನನ್ ಹಾಡಿದೆ! ಈಗ ಬಿಟ್ಬಿಡ್ರೋ!"

ಜನ 'ಹೋ' ಎಂದು ಕೂಗಿ ಚದುರಿದರು. ಯಾವ ಹಾಡು ಎಂದು ಅವರು ಕೇಳಲಿಲ್ಲ. ಇವನೂ ಹೇಳಲಿಲ್ಲ.

ಸಂಜೆ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವಾಗಲೂ ಹತ್ತಿಪ್ಪತ್ತು ಮುದುಕರು ತೂಕಡಿಸುವ ಜಾಗದಲ್ಲಿ ಜನ ಕಂಬಕ್ಕೆ ಒರಗಿ, ಕಿಟಕಿಯ ಕಟ್ಟೆ ಹತ್ತಿ ಕೂತಿದ್ದರು. ಪಾದ್ರಿಯಮ್ಮ ರೋಸಲಿಂಡ್ ಖುಷಿಯಿಂದ ಕೆಂಪಾಗಿದ್ದರು. "ಏನ್ ಮೋಡಿ ಮಾಡಿದ್ರಿ ಸಿರಿಲ್ ಅವ್ರೇ? ಬಿಷಪ್ ಬಂದಾಗ್ಲೂ ಇಷ್ಟು ಜನ ಬಂದಿರ್ಲಿಲ್ಲ!"

ಸಿರಿಲ್‌ಗೆ ಎದೆ ತುಂಬಿ ಬಂತು. ಬೆಳಗಿನ ಅವಮಾನವೆಲ್ಲ ಮರೆತೇಹೋಯಿತು. ಯಾವುದಕ್ಕೇ ಬಂದಿರಲಿ, ಬಂದರಲ್ಲ. ಇವತ್ತು ಇವರಿಗೆ ನಿಜವಾದ ಸಂಗೀತ ಕೇಳಿಸುತ್ತೇನೆ, ಡೋರೀನ್, ನೀನೂ ಕೇಳು ಎಂದುಕೊಂಡು ಆರ್ಗನ್ನಿನ ಮುಂದೆ ಕೂತ.

ಮೊದಲ ಸಾಲು ಗೋಡೆಗಳ ಮೇಲೆಲ್ಲ ಹರಿದು ಮೆಲ್ಲಗೆ ಇಳಿಯಿತು. ಮೌನ. ಜನರ ಮುಖದಲ್ಲಿ ಏನೋ ಗೊಂದಲ. ಎರಡನೆಯ ಸಾಲು. ಮತ್ತೆ ಮೌನ. ಹಿಂದಿನ ಬೆಂಚಿನಿಂದ ಯಾರೋ ಅನುಮಾನಿಸುತ್ತ ಬಡಿದರು: ಟಕ್... ಟಕ್... ಟಕ್.

ಸಿರಿಲ್ ಕತ್ತು ತಿರುಗಿಸಿ ಕೆಂಡದಂಥ ಕಣ್ಣು ಬಿಟ್ಟ. ಕೈ ಮಾತ್ರ ನುಡಿಸುತ್ತಲೇ ಇತ್ತು. ಮೂರನೆಯ ಸಾಲಿನ ಕೊನೆಗೆ ಅರ್ಧ ಚರ್ಚು ಬಡಿಯಿತು. ನಾಲ್ಕನೆಯದಕ್ಕೆ ಇಡೀ ಚರ್ಚು. ಓಕ್ ಮರದ ಹಳೆಯ ಬೆಂಚುಗಳು, ಇದಕ್ಕೇ ಕಾದಿದ್ದವೇನೋ ಎಂಬಂತೆ ಗುಡುಗಿದವು. ಹಾಡುಗಾರರು ಇಷ್ಟು ದಿನ ಕೆಮ್ಮಿ ಕೆಮ್ಮಿ ತಡೆದುಕೊಂಡಿದ್ದ ನಗು ಕಟ್ಟೆಯೊಡೆಯಿತು.

ಸಿರಿಲ್‌ನ ಬೆರಳು ಹಾಗೇ ನಿಂತಿತು. ಆಗ ಅವನಿಗೆ ಕೇಳಿಸಿತು. ಅದೇ ಟರ್ಕಿ ಹಾಡಿನ ರಾಗ. ನಾಲ್ಕು ಪಟ್ಟು ನಿಧಾನ, ಅಷ್ಟೇ.

"ನಿಮಗೆಲ್ಲ ಗೊತ್ತಿತ್ತಾ?" ಅವನು ಹಾಡುಗಾರರತ್ತ ತಿರುಗಿದ.

"ಬೇಕೂಂತ್ಲೇ ಹಾಗ್ ಮಾಡಿದೀರಿ ಅಂದ್ಕೊಂಡ್ವಿ, ಸಿರಿಲ್ ಅವ್ರೇ" ಎಂದರು ಪಾದ್ರಿಯಮ್ಮ, ನಗು ನುಂಗಿಕೊಂಡು. "ಡೋರೀನ್‌ಗೆ ಇಷ್ಟ ಅಂತ. ಎಷ್ಟು ಚೆನ್ನಾಗ್ ಯೋಚಿಸಿದಾರೆ ಅಂತ ನಾನು ಅತ್ತೂ ಇದ್ದೆ."

"ನಾನು ಯೋಚ್ನೆ ಮಾಡ್ಲಿಲ್ಲ. ಅದಾಗೇ ಬಂತು. ಮೇಲಿಂದ."

"ಮೇಲಿಂದ ಅಲ್ವೋ ಪೆದ್ದ, ಕೆಳಗಿಂದ!" ಬೆರಿಲ್ ಮುಂದಿನ ಬೆಂಚಿನಿಂದ ಎದ್ದಳು. "ನೀನು ಮಹಡಿ ಮೇಲೆ ಬಾಗ್ಲು ಹಾಕ್ಕೊಂಡು ದೊಡ್ಡ ಸಂಗೀತ ಬರೀತಿರ್ವಾಗ ಡೋರೀನ್ ಕೆಳಗೆ ಪಾತ್ರೆ ತೊಳೀತಾ ಅದನ್ನೇ ಗುನುಗ್ತಿದ್ಲು. ಹೀಗೇ, ನಿಧಾನಕ್ಕೆ. ನೀನು ರೇಗ್ತೀಯಾಂತ. ಗೋಡೆ ಆಚೆ ನಂಗ್ ದಿನಾ ಕೇಳ್ತಿತ್ತು. ನಿನ್ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದ್ ತಕ್ಷಣ ನಿಲ್ಲಿಸ್ಬಿಡೋಳು."

ಚರ್ಚಿನಲ್ಲಿ ನಗು ಮೆಲ್ಲಗೆ ಅಡಗಿತು. ಸಿರಿಲ್ ಆರ್ಗನ್ನಿನ ಮುಚ್ಚಳ ಇಳಿಸಿದ. ಆಮೇಲೆ, ನಮ್ಮೂರಲ್ಲಿ ಯಾರೂ ನಂಬದ ಕೆಲಸ ಮಾಡಿದ. ಎದ್ದು ನಿಂತು, ಟೈ ಸಡಿಲಿಸಿ, ಟರ್ಕಿ ಹಾಡನ್ನು ಅದರ ನಿಜವಾದ ಓಟದಲ್ಲಿ ಗಂಟಲು ಬಿರಿಯುವಂತೆ ಹಾಡಿದ. ಮೊದಲ ಚರಣ, ಎರಡನೆಯ ಚರಣ. ಜನ ಹುಚ್ಚೆದ್ದು ಬಡಿದರು. ಪಾದ್ರಿಯಮ್ಮ ಬೈಬಲ್ ಇಡುವ ಪೀಠಕ್ಕೇ ಬಡಿದರು. ಅಷ್ಟು ಸಂತೋಷದ ಪ್ರಾರ್ಥನೆ ಆ ಚರ್ಚಿನಲ್ಲಿ ಹಿಂದೆ ನಡೆದದ್ದು ನನಗಂತೂ ಗೊತ್ತಿಲ್ಲ.

ಸಿರಿಲ್ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಕೆನ್ನೆ ಒದ್ದೆಯಾಗಿತ್ತು.

"ಇನ್ನೊಂದು ಚರಣ ಇದೆ. ರೆಕಾರ್ಡಲ್ಲಿ ಇಲ್ಲ, ಉದ್ದ ಆಯ್ತು ಅಂತ ತೆಗೆದ್ಬಿಟ್ರು. ಅದ್ರಲ್ಲಿ ಡೋರೀನ್ ಇದಾಳೆ. ಮದ್ವೆ ಆದ ಹೊಸದ್ರಲ್ಲಿ ಅಡುಗೆಮನೇಲಿ ಅವಳಿಗೊಬ್ಳಿಗೇ ಒಂದ್ಸಲ ಹಾಡಿದ್ದೆ. ಪ್ರತಿ ವರ್ಷ ಹಾಡು ಅಂತ ಅವಳು ಕೇಳ್ತಿದ್ದಿದ್ದೂ ಅದನ್ನೇ ಅನ್ಸುತ್ತೆ. ಈಗ ಹಾಡ್ತೀನಿ."

ಬಾಯಿ ತೆರೆದ. ಆ ಚರಣದಲ್ಲಿ ಮೊಟ್ಟೆಯ ಬಗ್ಗೆ ಏನೋ ಇತ್ತು. ಡೋರೀನ್ ಬಚ್ಚಲ ಬಾಗಿಲಿಗೆ ಕಿವಿ ಇಟ್ಟು ಟರ್ಕಿಗೆ ಏನೋ ಹೇಳುತ್ತಾಳೆ, ಅದನ್ನು ಕೇಳಿ ಟರ್ಕಿ ಬಾಗಿಲು ತೆಗೆಯುತ್ತದೆ. ಏನು ಹೇಳುತ್ತಾಳೆ? ಬಾಯಿ ಮುಚ್ಚಿ ಮತ್ತೆ ತೆರೆದ. ರಾಗ ಬಂತು, ಮಾತು ಬರಲಿಲ್ಲ.

"ಬೆರಿಲ್," ಎಂದ ಅವನು, "ನಿಂಗೆ ಗೊತ್ತಿರ್ಬೇಕಲ್ಲ. ದಿನಾ ಕೇಳ್ತಿದ್ದೆ ಅಂದ್ಯಲ್ಲ."

ಬೆರಿಲ್ ಜೀವಮಾನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು. "ಗೋಡೆ ಆಚೆ ಕಣೋ ಸಿರಿಲ್. ಮಾತು ಕೇಳ್ತಿರ್ಲಿಲ್ಲ."

ಊರಿಗೆ ಊರೇ ಬೆಂಚಿನ ಮೇಲೆ ಮುಷ್ಟಿ ಎತ್ತಿ ಹಿಡಿದುಕೊಂಡು, ಬಡಿಯುವ ಜಾಗ ಬರಲೆಂದು ಕಾಯುತ್ತಿತ್ತು. ಆ ಚರಣವನ್ನು ಬಲ್ಲ ಒಬ್ಬಳೇ ಒಬ್ಬಳು ಕಿಟಕಿಯಾಚೆ ಚರ್ಚಿನ ಅಂಗಳದ ಸಮಾಧಿಯಲ್ಲಿ ಮಲಗಿದ್ದಳು. ಅಷ್ಟು ವರ್ಷ ಅವಳು ಹಾಡು ಹಾಡು ಎಂದು ಕೇಳಿದಾಗ ಒಂದೇ ಒಂದು ಸಲ ಹಾಡಿದ್ದರೂ ಅದು ಅವನಿಗೆ ಮರೆತುಹೋಗುತ್ತಿರಲಿಲ್ಲ.