ಹೊಟ್ಟೆಯಲ್ಲಿ ಎರಡೂವರೆ ಇಂಚು ಜಾಗ

ಊಟದ ನಂತರ ಸಿಹಿ ತಿನ್ನಲು ಹೊಟ್ಟೆಯಲ್ಲಿ ಜಾಗವಿರಬೇಕು ಎಂಬುದು ಎಲ್ಲರೂ ಒಪ್ಪುವ ಸಂಗತಿ. ಆ ಜಾಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ನಾಲ್ಕು ವರ್ಷಗಳಿಂದ ತಿನ್ನುವವರ ಕೈಯಲ್ಲಿಲ್ಲ.

ಈ ನಿಯಮಾವಳಿಯನ್ನು ಬರೆದವರು ಆಹಾರ ಇಲಾಖೆಯ ಹೆಡ್ ಗುಮಾಸ್ತರು. ಇಲಾಖೆಯ ದೊಡ್ಡ ಸಾಹೇಬರು ಒಂದು ಔತಣದಲ್ಲಿ ನಾಲ್ಕು ಬಟ್ಟಲು ಐಸ್ ಕ್ರೀಮ್ ತಿಂದು, ಮಧ್ಯಾಹ್ನದ ಸಭೆಯಲ್ಲಿ ಸಚಿವರ ಭಾಷಣಕ್ಕೆ ಗೊರಕೆಯ ಹಿಮ್ಮೇಳ ಕೊಟ್ಟಿದ್ದರು. ಜನರು ಅತಿಯಾಗಿ ಸಿಹಿ ತಿನ್ನುವುದನ್ನು ತಡೆಯಲು ಎರಡು ಪುಟಕ್ಕೆ ಕಡಿಮೆಯಿಲ್ಲದ ನಿಯಮ ಬೇಕೆಂದು ಮರುದಿನವೇ ಅಪ್ಪಣೆಯಾಯಿತು. ಗುಮಾಸ್ತರಿಗೆ ಹೊಳೆದದ್ದು ಒಂದೇ ಪುಟ. ಎರಡನೆಯದನ್ನು ಪೆನ್ನು ಕಚ್ಚುತ್ತಾ ಕೂತು, ಬಾಯಿಗೆ ಬಂದದ್ದನ್ನೆಲ್ಲ ಬರೆದು ತುಂಬಿಸಿದರು. ಅವರು ದಿನಾ ಮನೆಯ ಡಬ್ಬಿ ಉಣ್ಣುವವರು. ಹಾಗಾಗಿ ಹೋಟೆಲುಗಳಲ್ಲಿ ಆ ನಿಯಮ ಹೇಗೆ ನಡೆಯುತ್ತಿದೆ ಎಂದು ನೋಡುವ ಸಂದರ್ಭ ಒದಗಿರಲಿಲ್ಲ.

ಒದಗಿದ್ದು ದರ್ಜಿಯಿಂದಾಗಿ. ದರ್ಜಿ ಅವರ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಇಪ್ಪತ್ತಾರು ವರ್ಷಗಳ ಹಿಂದೆ ಗುಮಾಸ್ತರು ಕೆಲಸದ ಸಂದರ್ಶನಕ್ಕೆ ಹೋಗಲು ಒಳ್ಳೆಯ ಪ್ಯಾಂಟಿಲ್ಲದೆ ಒದ್ದಾಡುತ್ತಿದ್ದಾಗ ಹೊಲಿದುಕೊಟ್ಟವನು ಅವನೇ. ಕೆಲಸ ಸಿಕ್ಕರೆ ಹೋಟೆಲಿನಲ್ಲಿ ಪುಡ್ಡಿಂಗ್ ಕೊಡಿಸುತ್ತೇನೆಂದು ಗುಮಾಸ್ತರು ಮಾತು ಕೊಟ್ಟಿದ್ದರು. ಕೆಲಸ ಸಿಕ್ಕಿತು. ಪುಡ್ಡಿಂಗ್ ಪರಿಶೀಲನೆಯಲ್ಲಿತ್ತು.

ಈಗ ಊರಿನವರೆಲ್ಲ ರೆಡಿಮೇಡ್ ಬಟ್ಟೆಗೆ ಬಿದ್ದು ದರ್ಜಿಯ ಟೇಪಿಗೆ ಕೆಲಸವಿಲ್ಲದಾಗಿತ್ತು. ಅವನು ಅಂಗಡಿ ಮುಚ್ಚಿ, ಮರುದಿನ ಬೆಳಗಿನ ಬಸ್ಸಿಗೆ ದೂರದ ಊರಿನ ತಮ್ಮನ ಮನೆಗೆ ಹೊರಟಿದ್ದ. ಊರಿನಲ್ಲಿ ಗುಮಾಸ್ತರನ್ನು ಏಕವಚನದಲ್ಲಿ ಕರೆಯುವವನು ಅವನೊಬ್ಬನೇ ಉಳಿದಿದ್ದ. ಅರ್ಧ ದಿನ ರಜೆ ಹಾಕಿ, ಅಂಚೆ ಕಚೇರಿಯ ಎದುರಿನ ಹೋಟೆಲಿಗೆ ಅವನನ್ನು ಕರೆದೊಯ್ದರು.

ಸೂಪು ಚೆನ್ನಾಗಿತ್ತು, ಹುರಿದ ಆಲೂಗಡ್ಡೆ ಇನ್ನೂ ಚೆನ್ನಾಗಿತ್ತು. ಗಾಜಿನ ಪೆಟ್ಟಿಗೆಯೊಳಗೆ ಪುಡ್ಡಿಂಗುಗಳು ಸಾಲಾಗಿ ಕೂತಿದ್ದವು. ತಟ್ಟೆ ಖಾಲಿಯಾದ ಮೇಲೆ ಮ್ಯಾನೇಜರು ದಪ್ಪ ರಿಜಿಸ್ಟರ್ ಹಿಡಿದು ಬಂದರು.

"ಹೊಟ್ಟೆ ತುಂಬಿತಾ ಸಾರ್?"

ದರ್ಜಿ ಮರ್ಯಾದಸ್ಥ. "ಭರ್ತಿ ತುಂಬ್ತು ಸ್ವಾಮಿ," ಎಂದ.

ಮ್ಯಾನೇಜರು ಬರೆದುಕೊಂಡರು. "ಹಾಗಾದ್ರೆ ನಿಮಗೆ ಸಿಹಿ ಕೊಡೋ ಹಾಗಿಲ್ಲ. ಜಾಗ ಇಲ್ಲ ಅಂತ ನೀವೇ ಒಪ್ಕೊಂಡ್ರಲ್ಲ. ನಿಯಮ ಏಳು, ಅ."

"ರೀ, ಅದು ಬಾಯಿಮಾತಿಗೆ ಹೇಳಿದ್ದು!"

"ನಾವು ಬರ್ಕೊಳ್ಳೋದೂ ಬಾಯಿಮಾತನ್ನೇ ಸಾರ್."

ಗುಮಾಸ್ತರು ಹುಷಾರಾದರು. "ನನಗೆ ತುಂಬಿಲ್ಲ."

"ಅಯ್ಯೋ, ಹಾಗಾದ್ರೆ ಊಟ ಸಾಲದೇ ಬಂದಿದೆ. ಇನ್ನೊಂದು ಪೂರ್ತಿ ಊಟ ಬಡಿಸ್ಬೇಕು. ಏಳು, ಆ."

ಬಡಿಸಿದರು. ಗುಮಾಸ್ತರು ಮತ್ತೆ ಸೂಪಿನಿಂದ ಶುರು ಮಾಡಿದರು. ಪಕ್ಕದ ಮೇಜಿನಲ್ಲಿ ಒಬ್ಬ ಮೇಷ್ಟ್ರು ಮೂರನೆಯ ಊಟದಲ್ಲಿದ್ದರು. ಅವರಿಗೂ ಪುಡ್ಡಿಂಗಿನ ಆಸೆ.

"ಯಾವ ಮುಠ್ಠಾಳ ಬರೆದಿದ್ದೋ ಇದನ್ನ?" ಎಂದ ದರ್ಜಿ.

ಗುಮಾಸ್ತರು ಸ್ವಲ್ಪ ಹೊತ್ತು ಸೂಪಿನಲ್ಲಿ ಏನೋ ಹುಡುಕಿದರು. "ನಾನೇ ಕಣೋ."

ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದ. "ಆವತ್ತು ಪ್ಯಾಂಟ್ ಹೊಲಿದುಕೊಟ್ಟಿದ್ದೇ ನನ್ನ ತಪ್ಪು."

ಎರಡನೆಯ ಊಟ ಮುಗಿಯುವ ಹೊತ್ತಿಗೆ ಗುಮಾಸ್ತರಿಗೆ ತಮ್ಮ ಎರಡನೆಯ ಪುಟ ನೆನಪಾಯಿತು. ಏಳು, ಇ: ಹೊಟ್ಟೆ ಭಾಗಶಃ ತುಂಬಿದೆಯೆಂದು ಹೇಳುವವರು, ಅಳತೆಯೇ ಕಸುಬಾಗಿರುವ ಬೇರೊಬ್ಬ ವ್ಯಕ್ತಿಯಿಂದ ಉಳಿದ ಜಾಗವನ್ನು ದೃಢೀಕರಿಸಿ ತರತಕ್ಕದ್ದು.

"ನಾಲ್ಕು ವರ್ಷದಲ್ಲಿ ಅಂಥೋರು ಒಬ್ರೂ ಬಂದಿಲ್ಲ," ಎಂದರು ಮ್ಯಾನೇಜರು.

ದರ್ಜಿಯ ಟೇಪು ರೂಢಿಯಂತೆ ಕೊರಳಲ್ಲೇ ಇತ್ತು. ಅವನು ಗೆಳೆಯನ ಹೊಟ್ಟೆಯ ಸುತ್ತ ಅದನ್ನು ಸುತ್ತಿ, ಬೆಲ್ಟಿನ ತೂತು ಎಣಿಸಿ, "ಎರಡೂವರೆ ಇಂಚು ಜಾಗ ಇದೆ," ಎಂದು ಸಹಿ ಹಾಕಿದ. ಪುಡ್ಡಿಂಗ್ ಬಂತು. ಗುಮಾಸ್ತರು ಅದನ್ನು ಗೆಳೆಯನ ಕಡೆಗೆ ತಳ್ಳಿದರು. ಮ್ಯಾನೇಜರು ವಿನಯದಿಂದಲೇ ಹಿಂದಕ್ಕೆ ತಳ್ಳಿದರು. ನಿಯಮ ಒಂಬತ್ತು: ಮಂಜೂರಾದ ಸಿಹಿಯನ್ನು ಬೇರೆಯವರಿಗೆ ಹಸ್ತಾಂತರಿಸುವಂತಿಲ್ಲ.

ಗುಮಾಸ್ತರ ಕಣ್ಣು ತುಂಬಿ ಬಂತು. "ನಾಳೆನೇ ಇದನ್ನ ರದ್ದು ಮಾಡಿಸ್ತೀನಿ ಕಣೋ. ಇಪ್ಪತ್ತಾರು ವರ್ಷ ಆಯ್ತು, ಒಂದು ಪುಡ್ಡಿಂಗ್ ಕೊಡಿಸೋಕೆ ನನ್ನ ಕೈಲಿ ಆಗ್ಲಿಲ್ಲ!"

ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತಿದ್ದರು. "ದರ್ಜಿಗಳೇ, ಹಾಗೇ ನಂದೂ ಒಂಚೂರು ಅಳೀರಿ." ಅವರ ಹಿಂದೆ ಒಬ್ಬ ನರ್ಸು, ನರ್ಸಿನ ಹಿಂದೆ ಅವರ ಅತ್ತೆ, ಅತ್ತೆಯ ಹಿಂದೆ ಬಾಗಿಲಿನವರೆಗೂ ಸಾಲು. ಮ್ಯಾನೇಜರು ದರ್ಜಿಗೆ ತಮ್ಮ ಕುರ್ಚಿಯನ್ನೇ ಎಳೆದು ಹಾಕಿ, "ನಾಳೆಯಿಂದ ದಿನಾ ಬರ್ತೀರಾ ಯಜಮಾನ್ರೇ?" ಎಂದರು.

ದರ್ಜಿ ಸಾಲನ್ನು ನೋಡಿದ, ಕೈಯಲ್ಲಿದ್ದ ಟೇಪನ್ನು ನೋಡಿದ. ಆಮೇಲೆ ಗೆಳೆಯನ ಕಿವಿಯ ಹತ್ತಿರ ಬಗ್ಗಿದ. "ರದ್ದು ಮಾಡಿಸ್ಬೇಡ ಕಣೋ."

ಬೆಳಗಿನ ಬಸ್ಸು ದರ್ಜಿಯನ್ನು ಬಿಟ್ಟು ಹೋಯಿತು. ಗುಮಾಸ್ತರು ನಿಯಮವನ್ನು ರದ್ದು ಮಾಡಿಸದೆ, ಪ್ರತಿ ಹೋಟೆಲಿನಲ್ಲೂ ಒಬ್ಬ ಅಳತೆಗಾರ ಇರತಕ್ಕದ್ದು ಎಂದು ತಿದ್ದುಪಡಿ ಬರೆದರು. ಸಾಹೇಬರು ಅದಕ್ಕೂ ಎರಡು ಪುಟ ಕೇಳಿದರು. ಎರಡನೆಯದನ್ನು ತುಂಬಿಸುವ ಭರದಲ್ಲಿ, ಅಳತೆಗಾರರು ಸಿಹಿ ತಿನ್ನುವಂತಿಲ್ಲ ಎಂಬ ಸಾಲೂ ಸೇರಿಹೋಯಿತು.

ಈಗ ಗುಮಾಸ್ತರ ಊಟ ದಿನಾ ಆ ಹೋಟೆಲಿನಲ್ಲೇ. ದರ್ಜಿ ಅಳೆದು ಎಂದಿನಂತೆ ಎರಡೂವರೆ ಇಂಚು ಎಂದು ಬರೆಯುತ್ತಾನೆ, ಭಾನುವಾರ ಅವರ ಪ್ಯಾಂಟಿನ ಸೊಂಟ ಬಿಚ್ಚಿ ಸಡಿಲ ಮಾಡಿಕೊಡುತ್ತಾನೆ. ಊರಿನ ಮುಕ್ಕಾಲು ಜನಕ್ಕೆ ಹೊಟ್ಟೆ ಬಂದು ರೆಡಿಮೇಡ್ ಬಟ್ಟೆ ಸಾಲದಾಗಿ, ಅವನ ಅಂಗಡಿಯೂ ಮತ್ತೆ ತೆರೆದಿದೆ. ಕೊಟ್ಟ ಮಾತಿನ ಪುಡ್ಡಿಂಗ್ ಇನ್ನೂ ಪರಿಶೀಲನೆಯಲ್ಲೇ ಇದೆ. ಯಾರಿಗೂ ಅದರ ಅವಸರವಿಲ್ಲ.

"ಹೇಗಿದೆಯೋ?" ಎಂದು ದರ್ಜಿ ದಿನಾ ಎದುರು ಕೂತು ಕೇಳುತ್ತಾನೆ.

"ಸಿಹಿ ಸ್ವಲ್ಪ ಜಾಸ್ತಿ," ಎನ್ನುತ್ತಾರೆ ಗುಮಾಸ್ತರು.

"ನಿಧಾನಕ್ಕೆ ತಿನ್ನು. ನಾನೆಲ್ಲಿಗೂ ಹೋಗಲ್ಲ."